ಅಂಬಿನ ನೇರ, ಹಿಂಸೆಯ ಭಾರ

ಕೊಲ್ಲುವ ಕ್ರಿಯೆಯಲ್ಲಿ ತೋರುವ ನಿಖರತೆಯು ಆ ಕ್ರಿಯೆಯ ದೋಷವನ್ನು ತಗ್ಗಿಸುತ್ತದೆಯೋ ಹೆಚ್ಚಿಸುತ್ತದೆಯೋ ಎಂಬ ಪ್ರಶ್ನೆ ಮೇಲ್ನೋಟಕ್ಕೆ ಒಣ ಜಿಜ್ಞಾಸೆಯಂತೆ ಕಾಣುತ್ತದೆ. ಆದರೆ ಲೈಸೆನ್ಸ್ ಪಡೆದು ಜಿಂಕೆಯನ್ನು ಬಿಲ್ಲಿನಿಂದ ಬೇಟೆಯಾಡಲು ಅವಕಾಶವಿರುವ ಅಮೆರಿಕದಲ್ಲಿ, ಬೇಟೆಯ ಋತು ಆರಂಭವಾಗುವ ಮುನ್ನ ಬಿಲ್ಲುಗಾರರು ದಿನಗಟ್ಟಲೆ ಕುಳಿತು ಮಾಡುವ ಒಂದು ಕೈಕೆಲಸದಲ್ಲಿ ಆ ಪ್ರಶ್ನೆ ಇಂದಿಗೂ ಜೀವಂತವಾಗಿದೆ. ಅಂಬಿನ ತುದಿಗೆ ಬ್ರಾಡ್‌ಹೆಡ್, ಅಂದರೆ ಅಗಲವಾದ ಅಲಗುಗಳುಳ್ಳ ಮೊನೆಯನ್ನು ತೊಡಿಸಿ, ಅದು ಅಡ್ಡಹಾಯದೆ ನೇರವಾಗಿ ಹಾರುವಂತೆ ಹದಗೊಳಿಸುವುದೇ ಆ ಕೆಲಸ.

ಅಭ್ಯಾಸಕ್ಕೆ ಬಳಸುವ ಮೊನೆ ದುಂಡಗಿದ್ದು ಗಾಳಿಗೆ ಹೆಚ್ಚು ತಡೆಯೊಡ್ಡುವುದಿಲ್ಲವಾದ್ದರಿಂದ, ಬಿಲ್ಲಿನಿಂದ ಹೊರಡುವಾಗ ಅಂಬು ತುಸು ಓರೆಯಾಗಿದ್ದರೂ ಹಿಂಬದಿಯ ಗರಿಗಳು ಅದನ್ನು ದಾರಿಗೆ ತಂದುಬಿಡುತ್ತವೆ. ಬಿಲ್ಲುಗಾರನ ತಪ್ಪು ಹೀಗೆ ಮುಚ್ಚಿಹೋಗುತ್ತದೆ. ಬ್ರಾಡ್‌ಹೆಡ್ಡಿನ ಅಲಗುಗಳಾದರೋ ಅಂಬಿನ ಮುಂಭಾಗದಲ್ಲಿಯೇ ಪುಟ್ಟ ರೆಕ್ಕೆಗಳಂತೆ ಗಾಳಿಯನ್ನು ಹಿಡಿದು, ಗರಿಗಳು ತಿದ್ದುವ ಮೊದಲೇ ಅಂಬನ್ನು ತಮ್ಮೆಡೆಗೆ ಎಳೆಯುತ್ತವೆ. ಆದ್ದರಿಂದ ಸಮಾನ ತೂಕದ, ಹೆಚ್ಚಾಗಿ 100 ಗ್ರೇನ್ ಅಥವಾ ಸುಮಾರು 6.5 ಗ್ರಾಮಿನ, ಎರಡು ಬಗೆಯ ಮೊನೆಗಳನ್ನು ಒಂದೇ ಗುರಿಗೆ ಬಿಟ್ಟರೂ ಅವು ಬೇರೆ ಬೇರೆ ಕಡೆ ನಾಟಬಹುದು. ಆಗ ಬಿಲ್ಲುಗಾರನು ಅಂಬು ಕೂರುವ ರೆಸ್ಟ್ ಎಂಬ ಆಸರೆಯನ್ನು ಒಮ್ಮೆಗೆ ಒಂದು ಮಿಲಿಮೀಟರಿಗೂ ಕಡಿಮೆ ಸರಿಸುತ್ತ, ಎರಡೂ ಒಂದೆಡೆ ಬೀಳುವವರೆಗೆ ಮತ್ತೆ ಮತ್ತೆ ಬಿಟ್ಟು ನೋಡುತ್ತಾನೆ. ಮೊನೆ ಸರಿಯಾಗಿ ಕೂತಿದೆಯೇ ಎಂದು ತಿಳಿಯಲು ಅಂಬನ್ನು ಬುಗುರಿಯಂತೆ ತಿರುಗಿಸಿ, ತುದಿ ಕಂಪಿಸುತ್ತಿದೆಯೇ ಎಂದು ಕಣ್ಣು ಕಿರಿದು ಮಾಡಿ ನೋಡುತ್ತಾನೆ.

ಈ ಶ್ರಮಕ್ಕೆ ಬೇಟೆಗಾರರು ಕೊಡುವ ಸಮರ್ಥನೆ ನೈತಿಕವಾದುದು. ಅಂಬು ಗುಂಡಿನಂತೆ ಆಘಾತದಿಂದ ಕೊಲ್ಲುವುದಿಲ್ಲ. ರಕ್ತನಾಳಗಳನ್ನು ಕತ್ತರಿಸಿ ರಕ್ತಸ್ರಾವದಿಂದ ಕೊಲ್ಲುತ್ತದೆ. ಹರಿತವಾದ ಅಲಗು ಶ್ವಾಸಕೋಶವನ್ನು ಹೊಕ್ಕರೆ ಪ್ರಾಣಿ ಬೇಗನೆ ಕುಸಿಯುತ್ತದೆ, ಗೇಣು ಹಿಂದಕ್ಕೆ ತಪ್ಪಿ ಹೊಟ್ಟೆಗೆ ನಾಟಿದರೆ ಗಂಟೆಗಟ್ಟಲೆ ನರಳುತ್ತದೆ. ತನ್ನ ಬಿಲ್ಲು ಬಾಣಗಳನ್ನು ತಾನೇ ತಯಾರಿಸುತ್ತಿದ್ದ ಪರಿಸರ ಚಿಂತಕ ಆಲ್ಡೊ ಲಿಯೊಪೋಲ್ಡ್, 1949ರಲ್ಲಿ ಮರಣಾನಂತರ ಪ್ರಕಟವಾದ ತನ್ನ ಕೃತಿಯಲ್ಲಿ, ಕಾಡಿನಲ್ಲಿ ಬೇಟೆಗಾರನನ್ನು ಹೊಗಳುವ ಅಥವಾ ತೆಗಳುವ ಪ್ರೇಕ್ಷಕರಿಲ್ಲದಿರುವುದರಿಂದ ಅವನ ನಡತೆಗೆ ಅವನ ಅಂತಃಸಾಕ್ಷಿಯೇ ಪ್ರಮಾಣವಾಗುತ್ತದೆ ಎಂಬ ಅಭಿಪ್ರಾಯವನ್ನು ಮುಂದಿಟ್ಟನು. ಅಂಬನ್ನು ಹದಗೊಳಿಸುವುದು ಈ ದೃಷ್ಟಿಯಲ್ಲಿ ಅಂತಃಸಾಕ್ಷಿಯ ಪೂರ್ವಸಿದ್ಧತೆ.

ಭಾರತೀಯ ಗ್ರಂಥಗಳಿಗೂ ಅಂಬನ್ನು ನೇರಗೊಳಿಸುವವನು ಅಚ್ಚುಮೆಚ್ಚಿನ ವ್ಯಕ್ತಿ. ಭಾಗವತದ ಹನ್ನೊಂದನೆಯ ಸ್ಕಂಧದ ಅವಧೂತನು ತನ್ನ ಗುರುಗಳಲ್ಲಿ ಒಬ್ಬನೆಂದು ಎಣಿಸುವ ಬಾಣಗಾರನಿಗೆ ಪಕ್ಕದಲ್ಲೇ ರಾಜನು ಹಾದುಹೋದದ್ದೂ ತಿಳಿಯುವುದಿಲ್ಲ. ಸಾಂಖ್ಯಸೂತ್ರದ ನಾಲ್ಕನೆಯ ಅಧ್ಯಾಯವೂ ಏಕಾಗ್ರತೆಗೆ ಅವನನ್ನೇ ದೃಷ್ಟಾಂತವಾಗಿ ಎತ್ತಿಕೊಳ್ಳುತ್ತದೆ. ಧಮ್ಮಪದವು ಚಂಚಲ ಚಿತ್ತವನ್ನು ನೇರಗೊಳಿಸುವ ವಿವೇಕಿಯನ್ನು ಅವನಿಗೆ ಹೋಲಿಸುತ್ತದೆ. ಮಹಾಜನಕ ಜಾತಕದಲ್ಲಿ ಅವನ ಕಸುಬು ಇನ್ನೂ ಹತ್ತಿರದಿಂದ ಕಾಣುತ್ತದೆ: ಅಂಬಿನ ಕಡ್ಡಿಯನ್ನು ಕೆಂಡದಲ್ಲಿ ಕಾಯಿಸಿ, ಹುಳಿಗಂಜಿಯಿಂದ ತೇವಗೊಳಿಸಿ, ಒಂದು ಕಣ್ಣು ಮುಚ್ಚಿ ಇನ್ನೊಂದರಿಂದ ಅದರ ಡೊಂಕನ್ನು ಅಳೆಯುತ್ತಾನೆ, ಎರಡು ಕಣ್ಣುಗಳಿಂದ ನೋಡಿದರೆ ನೋಟ ಹರಡಿಹೋಗುತ್ತದೆ ಎಂಬ ಅವನ ಉತ್ತರದಲ್ಲಿ ರಾಜ್ಯ ತೊರೆದು ಬಂದ ಅರಸನು ಏಕಾಂತದ ಪಾಠವನ್ನು ಕಂಡುಕೊಳ್ಳುತ್ತಾನೆ. ಗಮನಿಸಬೇಕಾದ ಸಂಗತಿಯೆಂದರೆ, ಈ ಯಾವ ದೃಷ್ಟಾಂತದಲ್ಲಿಯೂ ಬಾಣಗಾರನು ಬಾಣ ಬಿಡುವುದಿಲ್ಲ, ಗುರಿಯಾಗುವ ಜೀವಿಯೂ ಕಣ್ಣಿಗೆ ಬೀಳುವುದಿಲ್ಲ. ಆಯುಧಗಳ ವ್ಯಾಪಾರವನ್ನು ಉಪಾಸಕನಿಗೆ ನಿಷೇಧಿಸುವ ಬೌದ್ಧ ಪರಂಪರೆಗೇ ಬಾಣಗಾರನನ್ನು ವಿವೇಕದ ಮಾದರಿಯಾಗಿಸಲು ಸಾಧ್ಯವಾದದ್ದು ಈ ಚೌಕಟ್ಟಿನಿಂದ. ಮುಚ್ಚಿದ ಆ ಇನ್ನೊಂದು ಕಣ್ಣು ಏನನ್ನು ನೋಡದೆ ಬಿಟ್ಟಿತು ಎಂದು ಜಾತಕವು ಕೇಳುವುದಿಲ್ಲ.

ಇಂದಿನ ಬಿಲ್ಲುಬೇಟೆಗಾರನಲ್ಲಿ ಹದಗೊಳಿಸುವವನೂ ಬಿಡುವವನೂ ಒಬ್ಬನೇ ಆಗಿರುವುದರಿಂದ ಬಾಣಗಾರನ ದೃಷ್ಟಾಂತವು ಅವನಿಗೆ ಹಾಗೆಯೇ ಹೊಂದುವುದಿಲ್ಲ. ಏಕಾಗ್ರತೆ ತನ್ನಷ್ಟಕ್ಕೆ ಪುಣ್ಯವೂ ಅಲ್ಲ: ಥೇರವಾದದ ಅಭಿಧಮ್ಮವು ಅದನ್ನು ಕುಶಲ, ಅಕುಶಲವೆನ್ನದೆ ಎಲ್ಲ ಚಿತ್ತಗಳಲ್ಲಿಯೂ ಇರುವ ಗುಣವೆಂದು ಎಣಿಸುತ್ತದೆ, ಪತಂಜಲಿಯ ಅಷ್ಟಾಂಗದಲ್ಲಿ ಅಹಿಂಸೆಯು ಮೊದಲ ಅಂಗವಾದ ಯಮದಲ್ಲಿದ್ದರೆ ಚಿತ್ತವನ್ನು ಒಂದೆಡೆ ನಿಲ್ಲಿಸುವ ಧಾರಣೆಯು ಆರನೆಯದು. ಇನ್ನೂ ತೊಡಕಿನ ಮಾತು ಪಾಲಿ ಅಟ್ಠಕಥೆಗಳಲ್ಲಿ, ಅಂದರೆ ವ್ಯಾಖ್ಯಾನಗಳಲ್ಲಿ, ಇದೆ. ಪ್ರಾಣಿ, ಅದು ಪ್ರಾಣಿಯೆಂಬ ಅರಿವು, ಕೊಲ್ಲುವ ಚಿತ್ತ, ಪ್ರಯತ್ನ ಮತ್ತು ಮರಣ ಎಂಬ ಐದು ಅಂಗಗಳು ಕೂಡಿದಾಗ ಪ್ರಾಣಾತಿಪಾತವಾಗುತ್ತದೆ ಎನ್ನುವ ಅವು, ಪ್ರಯತ್ನ ತೀವ್ರವಾದಷ್ಟೂ ದೋಷ ಹಿರಿದಾಗುತ್ತದೆ ಎಂದು ತೂಗುತ್ತವೆ. ಈ ತಕ್ಕಡಿಯಲ್ಲಿಟ್ಟರೆ, ದಿನಗಟ್ಟಲೆ ಅಂಬನ್ನು ಹದಗೊಳಿಸಿದವನ ಪಾಪವು ಸಿಕ್ಕ ಮೊನೆಯನ್ನು ಸಿಕ್ಕಿಸಿಕೊಂಡು ಹೊರಟವನ ಪಾಪಕ್ಕಿಂತ ಭಾರವಾದೀತು. ಅಟ್ಠಕಥೆಯು ಕೊಲ್ಲುವವನ ಚಿತ್ತವನ್ನು ತೂಗುತ್ತದೆ, ಬೇಟೆಗಾರನು ಪ್ರಾಣಿ ನರಳುವ ಕಾಲವನ್ನು. ಹೊಟ್ಟೆಗೆ ಅಂಬು ನಾಟಿಸಿಕೊಂಡ ಜಿಂಕೆಯ ಪಾಲಿಗೆ ಮೊದಲನೆಯ ಲೆಕ್ಕ ಕ್ರೂರವೆನಿಸಿದರೆ ಆಶ್ಚರ್ಯವಿಲ್ಲ.

ಜೈನರ ತತ್ತ್ವಾರ್ಥಸೂತ್ರವು ಇಲ್ಲಿ ಹೆಚ್ಚು ಉಪಯುಕ್ತ. ಪ್ರಮಾದಯುಕ್ತವಾದ ಮನೋವಾಕ್ಕಾಯಗಳ ವ್ಯಾಪಾರದಿಂದ ಪ್ರಾಣವನ್ನು ಕಳೆಯುವುದೇ ಹಿಂಸೆ ಎಂದು ಅದು ಹೇಳುತ್ತದೆ. ಪ್ರಮಾದವೆಂದರೆ ಅಜಾಗರೂಕತೆ ಮಾತ್ರವಲ್ಲ, ರಾಗದ್ವೇಷಗಳಿಗೆ ಒಳಗಾದ ಸ್ಥಿತಿಯೂ ಹೌದು. ಡೊಂಕು ಅಂಬನ್ನು ಬಿಟ್ಟವನು ಎರಡು ಅರ್ಥದಲ್ಲಿಯೂ ಪ್ರಮತ್ತನಾದರೆ, ಹದಗೊಳಿಸಿದವನು ಮೊದಲನೆಯದರಿಂದ ಪಾರಾಗಿ ಎರಡನೆಯದರಲ್ಲಿ ಉಳಿಯುತ್ತಾನೆ. ಆ ಎರಡನೆಯದು ಎಷ್ಟು ಆಳದ್ದೆಂಬುದನ್ನು 1209ರಲ್ಲಿ ಜನ್ನನು ರಚಿಸಿದ ಯಶೋಧರ ಚರಿತೆಯು ತೋರಿಸಿದೆ: ಅಲ್ಲಿ ಬಲಿಯಾದದ್ದು ಹಿಟ್ಟಿನ ಕೋಳಿ, ಆದರೂ ಕೊಲ್ಲುವ ಸಂಕಲ್ಪವೊಂದೇ ಬಲಿಕೊಟ್ಟ ತಾಯಿ, ಮಗ ಇಬ್ಬರನ್ನೂ ಜನ್ಮಜನ್ಮಾಂತರದ ದುಃಖಕ್ಕೆ ನೂಕುತ್ತದೆ.

ಮಜ್ಝಿಮನಿಕಾಯದ ಚೂಳಮಾಲುಂಕ್ಯ ಸುತ್ತದಲ್ಲಿ ಬೇಟೆಗಾರನ ಪ್ರಶ್ನೆಗಳೆಲ್ಲವೂ ಇನ್ನೊಂದು ದಿಕ್ಕಿನಿಂದ ಬರುತ್ತವೆ. ವಿಷದ ಅಂಬು ತಗುಲಿದವನೊಬ್ಬನು ವೈದ್ಯನನ್ನು ತಡೆದು, ಬಿಲ್ಲು ಯಾವ ಬಗೆಯದು, ಹೆದೆ ಯಾವುದರದು, ಗರಿ ಹದ್ದಿನದೋ ನವಿಲಿನದೋ, ಮೊನೆ ಕರುವಿನ ಹಲ್ಲಿನಂತಹದೋ ಕಣಗಿಲೆಯ ಎಲೆಯಂತಹದೋ ಎಂದು ತಿಳಿಯದೆ ಅಂಬನ್ನು ಕೀಳಿಸಿಕೊಳ್ಳಲಾರೆನೆಂದು ಹಟ ಹಿಡಿದರೆ, ಉತ್ತರ ಸಿಗುವ ಮೊದಲೇ ಅವನು ಸಾಯುತ್ತಾನೆ. ಬಿಡುವವನ ಕೈಯಲ್ಲಿ ಹೊಣೆಗಾರಿಕೆಯಾಗಿದ್ದ ಗರಿ, ಮೊನೆಗಳ ಅದೇ ವಿಚಾರಣೆಯು ನಾಟಿಸಿಕೊಂಡವನ ಬಾಯಲ್ಲಿ ವ್ಯರ್ಥಾಲಾಪವಾಗುತ್ತದೆ, ಏಕೆಂದರೆ ಅವನಿಗೆ ಬೇಕಾದದ್ದು ಅಂಬಿನ ಕುಲಗೋತ್ರವಲ್ಲ, ಅದು ಮೈಯಿಂದ ಹೊರಬರುವುದು.