ಏರಿ ಮತ್ತು ಕೋಡಿ

ಮುಪ್ಪಿನಲ್ಲಿ ಮನಸ್ಸು ಹತೋಟಿಯಲ್ಲಿರಬೇಕೆನ್ನುತ್ತಾರೆ. ಹತೋಟಿಯೆಂದರೆ ಅದುಮುವುದೆ?

ಮುಳುಬಾಗಿಲು ತಾಲ್ಲೂಕಿನ ಬೈರಕೂರಿನ ಕಡೆ ವರ್ಷವಿಡೀ ಹರಿಯುವ ನದಿಯಿಲ್ಲ. ಬಹುಕಾಲ ಬದುಕು ನಡೆದುದು ಕೆರೆಗಳನ್ನು ನಂಬಿ. ಏರಿಯನ್ನಷ್ಟೇ ಎತ್ತರಿಸಿದರೆ ಕೆರೆ ಉಳಿಯದು. ಹೆಚ್ಚಾದ ನೀರು ಹೋಗಲು ಕೋಡಿ ಬೇಕು. ಅಳತೆಯರಿತು ಗದ್ದೆಗೆ ಬಿಡಲು ತೂಬು ಬೇಕು.

ಮನಸ್ಸಿಗೂ ಹಾಗೆಯೇ. ಅಮೆರಿಕದ ಮನಶ್ಶಾಸ್ತ್ರಜ್ಞ ಜೇಮ್ಸ್ ಗ್ರಾಸ್ 1998ರಲ್ಲಿ ಪ್ರಕಟಿಸಿದ ಪ್ರಯೋಗವೊಂದರಲ್ಲಿ, ಅಸಹ್ಯ ಹುಟ್ಟಿಸುವ ಚಿತ್ರ ನೋಡುತ್ತ ಅದನ್ನು ಮುಖದಲ್ಲಿ ತೋರದೆ ಅದುಮಿದವರ ಅಸಹ್ಯ ತಗ್ಗಲಿಲ್ಲ. ದೇಹದ ಉದ್ವೇಗ ಏರಿತು. ನೋಡುವ ದೃಷ್ಟಿಯನ್ನೇ ಬದಲಿಸಿಕೊಂಡವರಲ್ಲಿ ಅಸಹ್ಯವೇ ತಗ್ಗಿತು.

ಗಂಡನನ್ನು ಕಳೆದುಕೊಂಡ ಮುದುಕಿಗೆ ‘ಅಳಬೇಡ’ ಎನ್ನುವುದು ಏರಿಗೆ ಮಣ್ಣು ಹಾಕಿದಂತೆ. ಆಕೆ ಅಳಲಿ, ಮರುದಿನ ಮೊಮ್ಮಗಳ ತಲೆ ಬಾಚಲಿ. ಅಳು ಕೋಡಿ, ಅಕ್ಕರೆ ತೂಬು. ಹಿರಿಯರ ಮೌನವನ್ನು ಶಾಂತಿಯೆಂದು ಹೊಗಳುವ ನಾವು, ಆ ಮೌನಕ್ಕೆ ಕೋಡಿಯಿದೆಯೇ ಎಂದು ಒಮ್ಮೆ ನೋಡಬೇಕು.