ವಿಷವಿರುವುದೆಲ್ಲಿ?

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ, ಅಖಿಲ್ ಚಕ್ರವರ್ತಿಯವರೂ ಅವರ ಸಂಗಡಿಗರೂ ಅರಿಸಿನದ ಸತ್ತ್ವವಾದ ಕರ್ಕ್ಯುಮಿನ್ನನ್ನು ವನೇಡಿಯಂ ಲೋಹದೊಡನೆ ಬೆಸೆದು, ಅದರ ವಿವರವನ್ನು 2012ರಲ್ಲಿ ಪ್ರಕಟಿಸಿದರು. ಒಂಟಿಯಾಗಿದ್ದರೆ ದ್ರಾವಣದಲ್ಲಿ ಬೇಗನೆ ಶಿಥಿಲವಾಗುವ ಆ ಸತ್ತ್ವವು ಲೋಹದ ಆಶ್ರಯದಲ್ಲಿ ಸ್ಥಿರವಾಗಿ ನಿಂತು, ಕತ್ತಲೆಯಲ್ಲಿ ಬಹುಮಟ್ಟಿಗೆ ನಿರಪಾಯಕರವಾಗಿದ್ದು, ಗೋಚರವಾದ ಬೆಳಕು ಬಿದ್ದಾಗ ಅರ್ಬುದಕೋಶವನ್ನು ಕೊಲ್ಲುತ್ತದೆ.

ಹಾಗಾದರೆ ಕೊಲ್ಲುವ ಶಕ್ತಿ ಇರುವುದೆಲ್ಲಿ? ಅರಿಸಿನದಲ್ಲಿ ಎನ್ನೋಣವೆಂದರೆ ಅದು ನಮ್ಮ ಮಂಗಳದ್ರವ್ಯ. ಬೆಳಕಿನಲ್ಲಿ ಎನ್ನೋಣವೆಂದರೆ ಅದಕ್ಕೆ ನಾವು ದಿನವೂ ಅರ್ಘ್ಯವೆತ್ತುತ್ತೇವೆ. ಸಂಯೋಗವೆಂಬ ಗುಣವು ಒಂದೇ ದ್ರವ್ಯದಲ್ಲಿರದೆ ಕೂಡಿದ ಎರಡರಲ್ಲಿಯೂ ಇರುವುದೆಂದು ವೈಶೇಷಿಕರು ಎಣಿಸಿದರು; ಯುಕ್ತವಾಗಿ ಬಳಸಿದರೆ ತೀಕ್ಷ್ಣವಿಷವೂ ಔಷಧವಾಗುವುದೆಂದೂ, ತಪ್ಪಿ ಬಳಸಿದರೆ ಔಷಧವೇ ವಿಷವಾಗುವುದೆಂದೂ ಚರಕನ ಮತ. ತೊನ್ನಿಗೆ ಬಾವಂಚಿ ಬೀಜವನ್ನು ಲೇಪಿಸಿ ಬಿಸಿಲಿಗೊಡ್ಡುತ್ತಿದ್ದ ವೈದ್ಯರಿಗೆ ಈ ಮಾತು ಕೇವಲ ತರ್ಕವಾಗಿರಲಿಲ್ಲ. ಸಂಯೋಗವೇ ಕೊಲ್ಲುವುದಾದರೆ ಹೊಣೆಯು ಸಂಯೋಜಕನದು. 1995ರಲ್ಲಿ ಅಮೆರಿಕದಲ್ಲಿ ಅಂಗೀಕೃತವಾದ ಫೋಟೊಫ್ರಿನ್ ಎಂಬ, ಹೀಗೆಯೇ ಬೆಳಕು ಬಿದ್ದಾಗ ಕೊಲ್ಲುವ ಔಷಧವನ್ನು ಪಡೆದವರು ಕನಿಷ್ಠ 30 ದಿನ ಬಿಸಿಲಿನಿಂದ ಮೈಯನ್ನೂ ಕಣ್ಣನ್ನೂ ಕಾಪಾಡಿಕೊಳ್ಳಬೇಕು. ಅಲ್ಲಿಯವರೆಗೆ ವೈದ್ಯನ ಹೊಣೆ ಮುಗಿದಿಲ್ಲ.

ಆದರೆ ಇದಕ್ಕಿಂತ ಕಠಿನವಾದ ಪ್ರಶ್ನೆಯನ್ನು ಒಡ್ಡಿದುದು ಅದೇ ಸಂಸ್ಥೆಯ ಇನ್ನೊಂದು ಶೋಧನೆ. ನಮ್ಮ ಕೋಶಗಳಲ್ಲಿ ಡಿಎನ್‌ಎಯ ಎರಡೆಳೆಗಳೂ ಆಗಾಗ ತುಂಡಾಗುತ್ತವೆ. ತುಂಡಾದ ತುದಿಗಳನ್ನು ಲೈಗೇಸ್ ನಾಲ್ಕು ಎಂಬ ಕಿಣ್ವವು, ಹಲವೊಮ್ಮೆ ಒಂದಕ್ಷರ ಹೆಚ್ಚುಕಡಮೆಯಾದರೂ ಸರಿಯೆಂದು, ಕೂಡಿಸುತ್ತದೆ. ಸತೀಶ್ ರಾಘವನ್ ಅವರ ತಂಡವು ಈ ಕಿಣ್ವವನ್ನು ತಡೆಯುವ ಎಸ್‌ಸಿಆರ್7 ಎಂಬ ಅಣುವನ್ನು 2012ರಲ್ಲಿ ವರದಿಮಾಡಿ, ಇಲಿಗಳಲ್ಲಿ ಕೆಲವು ಗಡ್ಡೆಗಳ ಬೆಳವಣಿಗೆ ಅದರಿಂದ ಕುಗ್ಗಿದುದನ್ನು ತೋರಿಸಿತು. ಗುಣಪಡಿಸುವುದಕ್ಕಾಗಿ ಗುಣಪಡಿಸುವ ಕಾರ್ಯವನ್ನೇ ತಡೆಯುವುದು! ಬೆಳಕನ್ನಾದರೆ ಗಡ್ಡೆಯ ಮೇಲಷ್ಟೇ ಹಾಯಿಸಬಹುದು. ಈ ಕಿಣ್ವವಾದರೋ ಸ್ವಸ್ಥಕೋಶದಲ್ಲಿಯೂ ರೋಗಗ್ರಸ್ತ ಕೋಶದಲ್ಲಿಯೂ ಒಂದೇ. ಆದುದರಿಂದ ಇಲ್ಲಿ ಎಷ್ಟು, ಯಾರಿಗೆ, ಯಾವಾಗ ಎಂಬ ವಿವೇಕವೇ ಧರ್ಮದ ಸ್ಥಾನದಲ್ಲಿ ನಿಲ್ಲಬೇಕಾಗುತ್ತದೆ. ದ್ರವ್ಯವನ್ನು ಒಳ್ಳೆಯದೆಂದೋ ಕೆಟ್ಟದೆಂದೋ ಹೆಸರಿಟ್ಟು ಕೈತೊಳೆದುಕೊಳ್ಳುವಂತಿಲ್ಲ.

ಇಷ್ಟನ್ನು ಆಲೋಚಿಸಿದ ಮೇಲೆ, ರೋಗಿಯ ಮಂಚದ ಬಳಿ ನಿಂತು ‘ಯಾವ ಜನ್ಮದ ಪಾಪವೋ’ ಎಂದು ನಿಟ್ಟುಸಿರಿಡುವವರ ಮಾತು ನನಗೆ ಶಾಸ್ತ್ರಸಮ್ಮತವಾಗಿಯೂ ಕಾಣದು, ಕರುಣೆಗೆ ಒಪ್ಪುವುದಾಗಿಯೂ ಕಾಣದು. ಮುರಿದ ಎಳೆಯನ್ನು ಕೂಡಿಸುವ ಕೆಲಸವು ಆ ಮಾತನ್ನಾಡುವವರ ಮೈಯಲ್ಲಿಯೂ ನಡೆಯುತ್ತಿದೆ. ಕೂಡಿಸುವಾಗ ಅಕ್ಷರ ತಪ್ಪುವುದು ಅಲ್ಲಿಯೂ ಉಂಟು.