ಅನಂತಮತಿಯ ಕಥೆಯೂ ನಮ್ಮ ಸ್ಥಿತಿಕರಣವೂ

ಸಮ್ಯಗ್ದರ್ಶನದ ಅಷ್ಟಾಂಗಗಳಲ್ಲಿ ಎರಡನೆಯದಾದ ನಿಃಕಾಂಕ್ಷಿತಕ್ಕೆ ಸಮಂತಭದ್ರಾಚಾರ್ಯರು ‘ರತ್ನಕರಂಡಕ ಶ್ರಾವಕಾಚಾರ’ದಲ್ಲಿ ಅನಂತಮತಿಯನ್ನು ದೃಷ್ಟಾಂತವಾಗಿ ಹೆಸರಿಸಿದ್ದಾರೆ. ಅಪಹೃತಳಾಗಿ, ಕೈಯಿಂದ ಕೈಗೆ ಸಾಗಿ, ವೇಶ್ಯೆಯ ಮನೆಯನ್ನು ಸೇರಿದರೂ ಆಕೆ ವ್ರತವನ್ನು ಬಿಡಲಿಲ್ಲ. ದೇವತೆಯೇ ಆಕೆಯ ರಕ್ಷಣೆಗೆ ಬಂದಳೆಂದು ಕಥೆ ಹೇಳುತ್ತದೆ. ಅದನ್ನು ಕೇಳಿ ನಾವು ಕಣ್ಣೊರೆಸಿಕೊಳ್ಳುತ್ತೇವೆ. ಆದರೆ ಯಾವ ದೇವತೆಯೂ ರಕ್ಷಣೆಗೆ ಬಾರದ ಹೆಣ್ಣುಮಕ್ಕಳ ವಿಷಯದಲ್ಲಿ ನಮ್ಮ ಧರ್ಮವೇನು?

ಈ ಪ್ರಶ್ನೆ ಪುರಾಣದ್ದಲ್ಲ, ನಮ್ಮ ಸೀಮೆಯದು. ಬಿಜಾಪುರ, ಬೆಳಗಾವಿ ಭಾಗಗಳಲ್ಲಿ ಎಲ್ಲಮ್ಮನ ಹೆಸರಿನಲ್ಲಿ ಮುತ್ತು ಕಟ್ಟಿಸಿಕೊಂಡ ಎಷ್ಟೋ ಬಾಲೆಯರು ಮುಂಬಯಿ, ಪುಣೆ, ಸಾಂಗಲಿಗಳ ವೇಶ್ಯಾಗೃಹಗಳ ಪಾಲಾದರು. ಆ ಪದ್ಧತಿಯನ್ನು ನಿಷೇಧಿಸಿ 1982ರಲ್ಲಿ ರಾಜ್ಯವು ಕಾಯಿದೆ ಮಾಡಿತು. ಕಾಯಿದೆಯು ಅಪರಾಧಿಯನ್ನು ದಂಡಿಸಬಲ್ಲದು. ಮರಳಿ ಬಂದವಳಿಗೆ ನೆರೆಮನೆಯ ಬಾಗಿಲು ತೆರೆಸಲಾರದು.

ಕೆಲವು ವರ್ಷಗಳ ಹಿಂದೆ ತಿಕೋಟಾದ ನಮ್ಮ ಒಣದ್ರಾಕ್ಷಿ ಆರಿಸುವ ಶೆಡ್ಡಿಗೆ ಒಬ್ಬ ಹೆಣ್ಣುಮಗಳು ಕೆಲಸ ಕೇಳಿ ಬಂದಳು. ಪುಣೆಯಿಂದ ಮರಳಿದವಳೆಂಬ ಮಾತು ಆಕೆಗಿಂತ ಮೊದಲೇ ಊರಿಗೆ ಬಂದಿತ್ತು. ಆಕೆಯೊಡನೆ ಒಂದೇ ಕೊಡದ ನೀರು ಕುಡಿಯಲಾರೆವೆಂದು ಉಳಿದವರು ಹಟ ಹಿಡಿದರು. ನಾನು ಐದು ನೂರು ರೂಪಾಯಿ ಕೊಡಹೋದೆ. “ರೊಕ್ಕ ಬ್ಯಾಡ್ರಿ ಸಾವಕಾರ್ರ, ಕೆಲಸ ಕೊಡ್ರಿ” ಎಂದಳು. ಒತ್ತಾಯದಿಂದ ಹಣ ಕೊಟ್ಟು ಕಳುಹಿಸಿ, ಖಾತೆಯಲ್ಲಿ ‘ದಾನ’ವೆಂದು ಬರೆದೆ.

ಆ ಜಮಾಖರ್ಚು ತಪ್ಪಾಗಿತ್ತು. ಪಾತ್ರದಾನದಲ್ಲಿ ಪಾತ್ರಾಪಾತ್ರ ವಿವೇಚನೆಯುಂಟು, ದಯಾದತ್ತಿಯಲ್ಲಿ ಅದಿಲ್ಲ. ಜಿನಸೇನಾಚಾರ್ಯರ ಪ್ರಕಾರ ದಯಾದತ್ತಿಯ ತಿರುಳು ಅಭಯ. ಆದ್ದರಿಂದ “ಮೋಸಹೋದವಳೋ, ತಾನಾಗಿ ಹೋದವಳೋ?” ಎಂಬ ವಿಚಾರಣೆಗೆ ಅಲ್ಲಿ ಎಡೆಯಿಲ್ಲ. ನಾನು ಕೊಟ್ಟದ್ದಾದರೂ ಅಭಯವಲ್ಲ, ಆಕೆ ಬೇಗ ಕಣ್ಮರೆಯಾಗಲೆಂದು ತೆತ್ತ ಬೆಲೆ. ಕೃತ, ಕಾರಿತಗಳಲ್ಲಿ ನಾನಿರಲಿಲ್ಲ. ಕೊಡದ ಮಾತಿಗೆ ಮಣಿದು ಅನುಮೋದನೆಯಲ್ಲಿ ಸೇರಿದೆ.

ಆಕೆಗೆ ಬೇಕಾದುದೇನು? ನ್ಯಾಯವಾದ ಕೂಲಿ, ಬಾಡಿಗೆಗೊಂದು ಮನೆ, ಮಕ್ಕಳಿಗೆ ಶಾಲೆ ಮತ್ತು ಮೌನ. ಗತಕಾಲವನ್ನು ಕೆದಕದಿರುವುದೇ ಉಪಗೂಹನ. ಆ ಅಂಗಕ್ಕೆ ದೃಷ್ಟಾಂತನಾದ ಜಿನೇಂದ್ರಭಕ್ತನು ಒಬ್ಬ ವ್ಯಾಪಾರಿ ಎಂಬುದನ್ನು ನಮ್ಮ ವರ್ತಕರು ನೆನೆಯಬೇಕು. ಆದರೆ ಹೆಣ್ಣನ್ನು ಮಾರಿದ ದಲ್ಲಾಳಿಯ ಹೆಸರನ್ನು ಮುಚ್ಚಿಡುವುದು ಉಪಗೂಹನವಲ್ಲ. ಅದು ಪಾಪದಲ್ಲಿ ಪಾಲುಗಾರಿಕೆ.

ಘಟಪ್ರಭೆಯಲ್ಲಿ 1997ರಲ್ಲಿ ಆರಂಭವಾದ ಮಹಿಳಾ ಅಭಿವೃದ್ಧಿ ಮತ್ತು ಸಂರಕ್ಷಣಾ ಸಂಸ್ಥೆಯನ್ನು ಮಾಜಿ ದೇವದಾಸಿಯರೇ ಕಟ್ಟಿ ಬೆಳೆಸಿದರು. ಬಾಲ್ಯದಲ್ಲೇ ಮುತ್ತು ಕಟ್ಟಿಸಿಕೊಂಡಿದ್ದ ಸೀತವ್ವ ಜೋಡಟ್ಟಿಯವರು ಅದನ್ನು ಮುನ್ನಡೆಸಿ 2018ರಲ್ಲಿ ಪದ್ಮಶ್ರೀ ಗೌರವಕ್ಕೆ ಪಾತ್ರರಾದರು. ಏಳಲು ಅವರಿಗೆ ಶಕ್ತಿಯಿಲ್ಲದಿರಲಿಲ್ಲ. ನಿಲ್ಲಲು ನಾವು ನೆಲ ಬಿಟ್ಟುಕೊಟ್ಟಿರಲಿಲ್ಲ.

ಧರ್ಮದಿಂದ ಜಾರುವವರನ್ನು ಮತ್ತೆ ಧರ್ಮದಲ್ಲಿ ನಿಲ್ಲಿಸುವುದು ಸ್ಥಿತಿಕರಣ. ಅಂದು ಶೆಡ್ಡಿನ ಬಾಗಿಲಲ್ಲಿ ಜಾರಿದವನು ನಾನು. ಮಾರನೆಯ ವಾರ ಹುಡುಕಿಸಿದೆ. ಆಕೆ ಊರು ಬಿಟ್ಟಿದ್ದಳು. ಅನಂತಮತಿಯ ಕಥೆಯನ್ನು ಕೇಳುವ ಶ್ರಾವಕರು ಅಂಥವಳೊಬ್ಬಳು ಬಾಗಿಲಿಗೆ ಬಂದಾಗ ನನ್ನಂತೆ ಒಂದು ವಾರ ತಡಮಾಡದಿರಲಿ.